ಅತಿಥಿಯ ತಟ್ಟೆ

ತ್ರೆಬೊನ್, 3 ನವೆಂಬರ್ 1998

ಪ್ರೀತಿಯ ವ್ಲಾಸ್ತಾ,

‘ಹಚ್ಚಿಟ್ಟ ದೀಪ ಸತ್ತವರ ಕಣ್ಣಿಗೆ...’ ಮುಂದೇನು? ನಿನ್ನೆ ಸತ್ತವರ ದಿನ. ಅಪ್ಪ ಅಮ್ಮನ ಗೋರಿಕಲ್ಲಿನ ಮುಂದೆ ಕೂತು ಬೆಂಕಿಕಡ್ಡಿ ಗೀರುವಾಗ ಅಜ್ಜಿಯ ಈ ಸಾಲು ಬಾಯಿಗೆ ಬಂದು ಅರ್ಧಕ್ಕೇ ನಿಂತಿತು. ಕಾಣುತ್ತದೆ ಅಂತಿತ್ತೋ, ಚುಚ್ಚುತ್ತದೆ ಅಂತಿತ್ತೋ? ಕಾಣುತ್ತದೆ ಅಂತಾದರೆ ನಾವು ಅವರನ್ನು ಕರೆಯುತ್ತಿದ್ದೇವೆ. ಚುಚ್ಚುತ್ತದೆ ಅಂತಾದರೆ ಹಾಯಾಗಿ ಮಲಗಿದವರ ನಿದ್ದೆ ಕೆಡಿಸುತ್ತಿದ್ದೇವೆ. ಈ ಊರಿನಲ್ಲಿ ಇದನ್ನು ಕೇಳಬಹುದಾದವರು ಯಾರೂ ಉಳಿದಿಲ್ಲ ಅನ್ನುವುದು ಆಮೇಲೆ ಹೊಳೆಯಿತು.

ಪಕ್ಕದ ಮನೆಯ ಶಿಮಾಂಡ್ಲ್ ಅವರೂ ಬಂದಿದ್ದರು. ನಿನಗೆ ನೆನಪಿರಬೇಕು, ಅಪ್ಪನ ಜೊತೆ ಮೂವತ್ತು ವರ್ಷ ಕೊಳಗಳಲ್ಲಿ ಬಲೆ ಎಳೆದವರು. ಈ ಬೇಸಿಗೆಯಲ್ಲಿ ಅವರ ಹೆಂಡತಿ ತೀರಿಕೊಂಡರು. ಹಳದಿ ಸೇವಂತಿಗೆಯ ಕುಂಡವನ್ನು ಗೋರಿಯ ಮೇಲೆ ಆ ಕಡೆ ಈ ಕಡೆ ಸರಿಸುತ್ತಾ ಹೇಳಿದರು: “ಐವತ್ತು ವರ್ಷ ಯಾವ ಬಣ್ಣದ್ದು ತರ್ಬೇಕು ಅಂತ ಅವಳೇ ಹೇಳೋಳು. ಈ ಸಲ ನಾನೇ ಆರಿಸ್ದೆ. ತಪ್ಪಾಗಿದ್ರೂ ಬೈಯೋಕಾಗಲ್ಲ ನೋಡು ಅವಳಿಗೆ.”

ವ್ಲಾಸ್ತಾ, ಏಳು ವರ್ಷಗಳಿಂದ ನಾವಿಬ್ಬರೂ ಹೊಸ ವರ್ಷದ ಕಾರ್ಡಿನ ಮೇಲೆ ಸಹಿ ಮಾತ್ರ ಹಾಕಿ ಕಳಿಸುತ್ತಿದ್ದೇವೆ. ನಿನ್ನ ಸಹಿಯಲ್ಲಿ ಆ ಕೊನೆಯ ಗೆರೆ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿದೆ. ಈ ಕ್ರಿಸ್‌ಮಸ್‌ಗೆ ಬಾ. ಮಗಳು ಜೋರಾಳನ್ನೂ ಕರೆದುಕೊಂಡು ಬಾ. ಮೀನು ಹುರಿಯುವುದನ್ನು ನಾನಿನ್ನೂ ಮರೆತಿಲ್ಲ.

ನಿನ್ನ
ಹೆಡ್ವಿಕಾ


ಕೊಶಿತ್ಸೆ, 16 ನವೆಂಬರ್ 1998

ಅಕ್ಕಾ,

ಅಜ್ಜಿ ಅಂಥ ಸಾಲು ಯಾವತ್ತೂ ಹೇಳಿರಲಿಲ್ಲ. ಅವಳು ಹೇಳುತ್ತಿದ್ದದ್ದು, “ಮೇಣದಬತ್ತಿ ದೂರ ಹಿಡಿ, ಕೋಟು ಸುಟ್ಕೋತೀಯ” ಅಂತ. ಎಲ್ಲೋ ಓದಿದ ಪದ್ಯವನ್ನು ನೀನು ಅಜ್ಜಿಯ ಬಾಯಿಗೆ ಹಾಕಿದ್ದೀಯ. ಚಿಕ್ಕಂದಿನಿಂದಲೂ ನಿನ್ನ ಅಭ್ಯಾಸ ಅದು. ನೀನು ಹೇಳಬೇಕಾದ್ದನ್ನು ಬೇರೆಯವರ ಬಾಯಲ್ಲಿ ಹೇಳಿಸುತ್ತೀಯ.

ಕಳೆದ ತಿಂಗಳು ಇಪ್ಪತ್ತೆಂಟಕ್ಕೆ, ನಮ್ಮ ಹಳೆಯ ದೇಶ ಹುಟ್ಟಿದ ದಿನಕ್ಕೆ, ನಿಮ್ಮಲ್ಲಿ ಬಾವುಟ, ಭಾಷಣ, ರಜೆ ಇದ್ದಿರಬೇಕು. ನಮ್ಮಲ್ಲಿ ಅದು ಬರೀ ಬುಧವಾರ. ಜೋರಾಗೆ ಗಣಿತದ ಪರೀಕ್ಷೆ ಇತ್ತು. ಒಂದು ದೇಶವನ್ನು ಎರಡು ಮಾಡಿದಾಗ ರೈಲು ಡಬ್ಬಿಗಳನ್ನು ಹಂಚಿಕೊಂಡ ಹಾಗೆ ಹಬ್ಬಗಳನ್ನೂ ಹಂಚಿಕೊಂಡರು. ನಾವಿಬ್ಬರು ಮಾತ್ರ ಅದಕ್ಕಿಂತ ಒಂದು ವರ್ಷ ಮೊದಲೇ ಬೇರೆಯಾದವರು.

ಕ್ರಿಸ್‌ಮಸ್‌ಗೆ ಬಾ ಅನ್ನುತ್ತೀಯ. ಒಂದು ಸಲ ಬಂದಿದ್ದೆನಲ್ಲ.

ಅಮ್ಮ ಹೋದಾಗ ನನ್ನ ರೈಲು ನಾಲ್ಕು ಗಂಟೆ ತಡವಾಯಿತು, ಪೆಟ್ಟಿಗೆ ಮುಚ್ಚಿದ ಮೇಲೆ ತಲುಪಿದೆ. ಸ್ಮಶಾನದ ಗೇಟಿನ ಹತ್ತಿರ ಅಪ್ಪ ಎಲ್ಲರಿಗೂ ಕೇಳುವ ಹಾಗೆ ಅಂದರು: “ಅತಿಥಿ ಬಂದ್ಲು. ಒಂದು ಕುರ್ಚಿ ಹಾಕಿ.” ಆ ಮಾತನ್ನು ಏಳು ತಿಂಗಳು ಹೊತ್ತುಕೊಂಡು ತಿರುಗಿದೆ. ಡಿಸೆಂಬರ್ ಬಂದಾಗ ಯೋಚನೆಯೊಂದು ಬಂತು. ಕ್ರಿಸ್‌ಮಸ್ ಮುನ್ನಾದಿನದ ಊಟಕ್ಕೆ ನಮ್ಮ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತೇವೆ, ದಾರಿ ತಪ್ಪಿ ಬಂದವರಿಗೆ ಅಂತ. ನಾನು ಹುಟ್ಟಿದಾಗಿನಿಂದ ಆ ತಟ್ಟೆಗೆ ಯಾರೂ ಬಂದದ್ದಿಲ್ಲ. ಅತಿಥಿ ಅಂದರಲ್ಲ, ಸರಿ, ಅತಿಥಿಯಾಗಿಯೇ ಹೋಗೋಣ, ಆ ತಟ್ಟೆಯ ಮುಂದೆ ಕೂರೋಣ, ಅಪ್ಪನಿಗೆ ನಗು ಬಂದೇ ಬರುತ್ತದೆ ಅಂದುಕೊಂಡೆ. ನಾಲ್ಕು ವರ್ಷದ ಜೋರಾಳನ್ನು ಶ್ಟೆಫಾನ್ ಹತ್ತಿರ ಬಿಟ್ಟು, ಹಬ್ಬದ ದಿನ ಗಂಡ ಮಗು ಇಬ್ಬರನ್ನೂ ಬಿಟ್ಟು, ಒಂದು ರಾತ್ರಿ ಒಂದು ಹಗಲು ರೈಲಿನಲ್ಲಿ ಕೂತು ಬಂದೆ.

ಎರಡು ಸಲ ಗಂಟೆ ಒತ್ತಿದೆ. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಹುರಿದ ಮೀನಿನ ವಾಸನೆ ಬೀದಿಗೆ ಬರುತ್ತಿತ್ತು. ಹಿಮದಲ್ಲಿ ಅರ್ಧ ಗಂಟೆ ನಿಂತೆ. ಯಾರೂ ಬರಲಿಲ್ಲ.

ಗಂಟೆ ಒತ್ತಿದ್ದು ನಾನೇ ಅಂತ ಅಪ್ಪನ ಅಂತ್ಯಕ್ರಿಯೆಯ ದಿನ ನಿನಗೆ ಹೇಳಿದೆ. ನೀನು ನೆಲ ನೋಡಿದೆ. ನಾನು ಊಟಕ್ಕೆ ನಿಲ್ಲದೆ ಹೊರಟುಬಿಟ್ಟೆ. ಈಗ ಯಾವ ಬಾಗಿಲಿಗೆ ಬಾ ಅನ್ನುತ್ತೀಯ?

ವ್ಲಾಸ್ತಾ


ತ್ರೆಬೊನ್, 24 ನವೆಂಬರ್ 1998

ಪ್ರೀತಿಯ ವ್ಲಾಸ್ತಾ,

ಜೋರಾಗೆ ಪರೀಕ್ಷೆಯಲ್ಲಿ ಎಷ್ಟು ಬಂತು ಅಂತ ಬರೆಯಲಿಲ್ಲ.

ಇಲ್ಲಿ ಕೊಳಗಳ ನೀರು ಹೊರಗೆ ಬಿಟ್ಟು ಮೀನು ಹಿಡಿದಾಯಿತು. ಕೆಸರಿನ ದಂಡೆಯಲ್ಲಿ ಜನ ರಮ್ ಹಾಕಿದ ಟೀ ಕುಡಿಯುತ್ತಾ ನಿಂತಿದ್ದರು. ನಾನೂ ಹೋಗಿ ನಿಂತೆ. ಬಲೆ ಹತ್ತಿರ ಬಂದಾಗ ನೀರು ಕುದಿಯುವ ಹಾಗೆ ಕಾಣುತ್ತದಲ್ಲ, ಆ ಹೊತ್ತಿಗೆ ಅಪ್ಪ ಒಂದು ಮಾತೂ ಆಡುತ್ತಿರಲಿಲ್ಲ. ಈಗಿನವರು ತುಂಬಾ ಕೂಗಾಡುತ್ತಾರೆ.

ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕು.

ನಮ್ಮ ಮನೆಯ ನಿಯಮ ನಿನಗೆ ಗೊತ್ತು. ಆ ಊಟದಲ್ಲಿ ಎಲ್ಲರದೂ ಮುಗಿಯುವವರೆಗೆ ಒಬ್ಬರೂ ಏಳಬಾರದು. ಎದ್ದವರು ಮುಂದಿನ ವರ್ಷ ಆ ಮೇಜಿಗೆ ಇರುವುದಿಲ್ಲ. ಬೇರೆ ಮನೆಗಳಲ್ಲಿ ಮನೆಯಾಕೆ ಏಳಬಹುದು ಅನ್ನುತ್ತಾರೆ. ನಮ್ಮಲ್ಲಿ ಅದೂ ಇಲ್ಲ. ಅಮ್ಮ ಸೂಪಿನ ಪಾತ್ರೆ, ಮೀನು, ಆಲೂಗಡ್ಡೆ ಸಲಾಡ್, ಬ್ರೆಡ್ಡು, ಎಲ್ಲವನ್ನೂ ಕೈಗೆಟುಕುವ ಹಾಗೆ ಕುರ್ಚಿಯ ಸುತ್ತ ಜೋಡಿಸಿಕೊಂಡೇ ಕೂರುತ್ತಿದ್ದಳು. ನೀನು ಅವಳನ್ನು “ಕೋಟೆ ಕಟ್ಕೊಂಡು ಕೂತಿದ್ದಾಳೆ ರಾಣಿ” ಅಂತ ಛೇಡಿಸುತ್ತಿದ್ದೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಅಮ್ಮನ ಕೊನೆಯ ಕ್ರಿಸ್‌ಮಸ್‌ನಲ್ಲಿ ಅವಳು ಉಪ್ಪು ತರುವುದನ್ನು ಮರೆತಿದ್ದಳು. ಅಪ್ಪ ಸಪ್ಪೆಯೇ ತಿನ್ನುತ್ತೇನೆ ಅಂದರು. ಅವಳು, “ಸಪ್ಪೆ ಮೀನು ತಿಂದು ವರ್ಷವಿಡೀ ನನ್ನ ಆಡ್ಕೋತೀರಾ, ಬೇಡಪ್ಪಾ” ಅಂತ ನಗುತ್ತಾ ಎದ್ದಳು. ನಾಲ್ಕು ಹೆಜ್ಜೆ. ಉಪ್ಪು ತಂದು ಕೂತಳು. ಮೇ ತಿಂಗಳಲ್ಲಿ ಅವಳನ್ನು ಮಣ್ಣು ಮಾಡಿದೆವು.

ಮುಂದಿನ ಕ್ರಿಸ್‌ಮಸ್‌ನಲ್ಲಿ ನಾವಿಬ್ಬರೇ ಇದ್ದೆವು, ಅಪ್ಪ ಮತ್ತು ನಾನು. ಅಷ್ಟರಲ್ಲಿ ಅವರ ಹೃದಯ ಕೆಟ್ಟಿತ್ತು. ಗಂಟೆ ಬಾರಿಸಿದಾಗ ಸೂಪ್ ಮುಗಿದು ಮೀನು ಬಡಿಸಿಕೊಂಡಿದ್ದೆವು. ಅಪ್ಪ ಕೂತಲ್ಲಿಂದ ಏಳಲಿಲ್ಲ. ಅದು ನಿನ್ನ ಮೇಲಿನ ಸಿಟ್ಟಲ್ಲ, ವ್ಲಾಸ್ತಾ. ನಿಯಮ, ಅಷ್ಟೇ. ಅಮ್ಮ ಎದ್ದು ಹೋಗಿಬಿಟ್ಟಿದ್ದ ವರ್ಷ ಅದು.

ಬಾ. ದಯವಿಟ್ಟು.

ಹೆಡ್ವಿಕಾ


ಕೊಶಿತ್ಸೆ, 6 ಡಿಸೆಂಬರ್ 1998

ಅಕ್ಕಾ,

ನಿನ್ನೆ ಸಂಜೆ ನಮ್ಮ ಬೀದಿಯಲ್ಲಿ ಸಂತ ಮಿಕುಲಾಶ್, ದೇವತೆ, ಸರಪಳಿ ಎಳೆಯುವ ದೆವ್ವ, ಮೂರೂ ವೇಷದವರು ಮನೆಮನೆಗೆ ಬಂದರು. ಹನ್ನೊಂದು ವರ್ಷದ ಜೋರಾ ಬಾಗಿಲು ತೆಗೆದು ದೆವ್ವಕ್ಕೆ ಹೇಳಿದಳು: “ಅಂಕಲ್, ನಿಮ್ಮ ಕೊಂಬು ಜಾರ್ತಿದೆ.” ಅವನು ಕೊಂಬು ಸರಿಮಾಡಿಕೊಂಡು ಥ್ಯಾಂಕ್ಸ್ ಅಂದು ಒಳ್ಳೆಯ ಮಕ್ಕಳಿಗೆ ಕೊಡುವ ಮಿಠಾಯಿಯ ಬದಲು ಅವಳ ಕೈಗೆ ಒಂದು ಆಲೂಗಡ್ಡೆ ಕೊಟ್ಟು ಹೋದ. ಗಣಿತದಲ್ಲಿ ಎಷ್ಟು ಬಂತೆಂದು ಆ ಆಲೂಗಡ್ಡೆಯಿಂದಲೇ ಊಹಿಸಿಕೋ.

ನಿನ್ನ ಪತ್ರವನ್ನು ಹತ್ತು ದಿನ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಉಪ್ಪಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಟ್ರಾಮಿನಲ್ಲಿ ಅದನ್ನು ಓದುತ್ತಾ ನನ್ನ ನಿಲ್ದಾಣ ದಾಟಿ ಹೋದೆ.

ಆದರೆ ಒಂದು ಯೋಚಿಸು. ನೀನು ಹೇಳಿದ್ದರಿಂದ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಒಬ್ಬ ತಂದೆ ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಅಂತ ಗೊತ್ತಿದ್ದೂ ತನ್ನ ಪ್ರಾಣಕ್ಕೆ ಹೆದರಿ ಮೀನು ತಿನ್ನುತ್ತಾ ಕೂತರು. ಹಾಗಿದ್ದರೆ ಆ ತಟ್ಟೆ ಯಾಕಿಟ್ಟಿರಿ? ಸಿಟ್ಟಿನಿಂದ ಕೂತಿದ್ದರೆ ನಾನು ಕ್ಷಮಿಸುತ್ತಿದ್ದೆನೇನೋ. ಸಿಟ್ಟು ನನಗೂ ಬರುತ್ತದೆ.

ನಿನ್ನ ಮೇಲೆ ನನಗೇನೂ ಇಲ್ಲ. ನೀನು ಅವರ ಮಾತು ಮೀರುವವಳಲ್ಲ, ಮೀರಲಿಲ್ಲ. ಆದ್ದರಿಂದ ಬರುತ್ತೇನೆ. ಹಬ್ಬದ ಅಡುಗೆಯ ತನಕ ನಿಮ್ಮಲ್ಲಿ ಸ್ನಾನದ ತೊಟ್ಟಿಯಲ್ಲಿ ಬಿಡುವ ಜೀವಂತ ಮೀನನ್ನು ಜೋರಾಗೆ ನೋಡಬೇಕಂತೆ; ನಮ್ಮಲ್ಲಿ ಅಂಗಡಿಯವನೇ ಕತ್ತರಿಸಿ ಕೊಡುತ್ತಾನೆ. ಟಿಕೆಟ್ ತೆಗೆದಿದ್ದೇನೆ, ಇಪ್ಪತ್ಮೂರರ ಬೆಳಿಗ್ಗೆ ಬಂದು ಇಳಿಯುತ್ತೇವೆ. ನಮ್ಮ ಕಡೆ ಹಬ್ಬದೂಟಕ್ಕೆ ಮೊದಲು ತಿನ್ನುವ ಜೇನು, ಬೆಳ್ಳುಳ್ಳಿ, ತೆಳು ಬಿಸ್ಕತ್ತು ತರುತ್ತೇನೆ. ಮೂಗು ಮುರಿಯಬೇಡ.

ಒಂದೇ ಷರತ್ತು. ಹಬ್ಬದ ಮಧ್ಯಾಹ್ನ ಎಲ್ಲರೂ ಸ್ಮಶಾನಕ್ಕೆ ಹೋಗುವಾಗ ನನ್ನನ್ನು ಕರೆಯಬೇಡ. ಅಮ್ಮನ ಹತ್ತಿರ ಬೇರೆ ದಿನ ಒಬ್ಬಳೇ ಹೋಗುತ್ತೇನೆ. ಅದೇ ಕಲ್ಲಿನಲ್ಲಿ ಅಪ್ಪನ ಹೆಸರೂ ಇದೆ. ಅವರಿಗೆ ಅಂತ ನಾನು ದೀಪ ಹಚ್ಚುವುದಿಲ್ಲ, ಜೋರಾ ಕೈಯಲ್ಲೂ ಹಚ್ಚಿಸುವುದಿಲ್ಲ. ಅವಳಿಗೆ ಎಲ್ಲ ಹೇಳಿದ್ದೇನೆ.

ವ್ಲಾಸ್ತಾ


ತ್ರೆಬೊನ್, 12 ಡಿಸೆಂಬರ್ 1998

ಪ್ರೀತಿಯ ವ್ಲಾಸ್ತಾ,

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಮೊದಲ ಸಲ ಬರೆದಾಗ ಹಾಸಿಗೆ ಎಲ್ಲಿ ಹಾಸಬೇಕು, ಜೋರಾಗೆ ಬೀಟ್‌ರೂಟ್ ಇಷ್ಟವೇ, ಇಂಥವೇ ಇದ್ದವು. ಅದನ್ನು ಅಂಚೆಗೆ ಹಾಕಿದ್ದರೆ ಇಪ್ಪತ್ಮೂರಕ್ಕೆ ನೀನು ಬರುತ್ತಿದ್ದೆ. ನಿಲ್ದಾಣದಲ್ಲಿ ನಿನ್ನನ್ನು ತಬ್ಬಿಕೊಳ್ಳುತ್ತಿದ್ದೆ. ಮರುದಿನ ಮಧ್ಯಾಹ್ನ ಒಬ್ಬಳೇ ಸ್ಮಶಾನಕ್ಕೆ ಹೋಗಿ ಅಪ್ಪನ ಮುಂದೆ ನಿಲ್ಲುತ್ತಿದ್ದೆ. ಅದೊಂದು ನನ್ನಿಂದ ಆಗುವುದಿಲ್ಲ.

ಅಪ್ಪ ಕೂತಲ್ಲಿಂದ ಏಳಲಿಲ್ಲ ಅಂತ ಬರೆದೆ. ಸುಳ್ಳಲ್ಲ. ಏಳಲು ನಾನು ಬಿಡಲಿಲ್ಲ.

ಮೊದಲನೇ ಗಂಟೆಗೆ ಅವರ ಫೋರ್ಕ್ ನಿಂತಿತು. ಎರಡನೆಯದಕ್ಕೆ ಅವರ ಮುಖ ನೋಡಬೇಕಿತ್ತು ನೀನು. “ವ್ಲಾಸ್ತಾ ಇರ್ಬೇಕು,” ಅಂದರು. “ಅವಳೇ ಹೀಗೆ ಎರಡು ಸಲ ಒತ್ತೋದು.” ಮೇಜಿಗೆ ಕೈ ಊರಿ ಅರ್ಧ ಎದ್ದೇಬಿಟ್ಟಿದ್ದರು. ನಾನು ಅವರ ಭುಜದ ಮೇಲೆ ಕೈಯಿಟ್ಟು ಅದುಮಿದೆ. “ಅಪ್ಪಾ, ಏಳ್ಬೇಡಿ. ಅದು ಶಿಮಾಂಡ್ಲ್ ಮನೆಯವರು, ಏನೋ ಕೇಳೋಕೆ ಬಂದಿರ್ತಾರೆ. ಊಟ ಮುಗಿಸಿ.” ಅವರು ನನ್ನ ಮುಖ ನೋಡಿದರು. “ಹಾಗಾದ್ರೆ ನೀನು ಹೋಗು,” ಅಂದರು. ನಾನೂ ಹೋಗಲಿಲ್ಲ. “ನಾನು ಎದ್ರೆ ನಿಮ್ಮನ್ನ ಯಾರು ನೋಡ್ಕೋತಾರೆ?” ಅಂದೆ. ಅವರು ಕೂತರು. ಮೀನನ್ನು ಪೂರ್ತಿ ತಿಂದರು. ನಾನು ಹೇಳಿದೆ ಅಂತ ತಿಂದರು.

ಹೆದರಿಕೆಯಿಂದ ಹಾಗೆ ಮಾಡಿದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇತ್ತು, ನಿಜ. ಅಮ್ಮನ ಆ ನಾಲ್ಕು ಹೆಜ್ಜೆ ನನ್ನ ಕಣ್ಣಲ್ಲೇ ಇತ್ತು. ಆದರೆ ಇನ್ನೊಂದೂ ಇತ್ತು. ಅಮ್ಮ ಹಾಸಿಗೆ ಹಿಡಿದ ಆರು ವಾರ ನಾನೊಬ್ಬಳೇ ನೋಡಿಕೊಂಡೆ. ಅವಳು ಹೋದ ಮೇಲೆ ಅಪ್ಪನ ಗುಳಿಗೆ, ಅಪ್ಪನ ಸೂಪು, ಅಪ್ಪನ ಮೌನ, ಎಲ್ಲ ನನ್ನದೇ. ಆ ಏಳು ತಿಂಗಳಲ್ಲಿ ಅವರು ಒಂದು ಸಲವೂ ನಕ್ಕಿರಲಿಲ್ಲ. ನೀನು ಒಂದು ಗುಂಡಿ ಎರಡು ಸಲ ಒತ್ತಿದೆ, ಆ ಮುಖ ಹಾಗೆ ಬೆಳಗಿತು. ನನ್ನನ್ನು ಕಂಡು ಅದು ಯಾವತ್ತಾದರೂ ಹಾಗೆ ಬೆಳಗಿತ್ತಾ ಅಂತ ಆ ಕ್ಷಣ ಯೋಚಿಸಿದೆ. ನೆನಪಾಗಲಿಲ್ಲ. ಕೈಯನ್ನು ಇನ್ನಷ್ಟು ಅದುಮಿದೆ.

ಭಯ ಎಷ್ಟು, ಹೊಟ್ಟೆಕಿಚ್ಚು ಎಷ್ಟು, ಬೇರ್ಪಡಿಸಿ ತೋರಿಸಲು ನನಗೆ ಬರುವುದಿಲ್ಲ. ಫೆಬ್ರವರಿಯಲ್ಲಿ ಅಪ್ಪ ಹೋದರು. ಮೇಜು ಬಿಟ್ಟು ಎದ್ದಿರಲಿಲ್ಲ. ಆದರೂ ಹೋದರು.

ಅವರ ಅಂತ್ಯಕ್ರಿಯೆಯಲ್ಲಿ ನೀನು ಹೇಳಿದಾಗ ನಾನು ನೆಲ ನೋಡಿದ್ದು ಇದಕ್ಕೇ. ನಿನ್ನ ಮೊದಲ ಪತ್ರದಲ್ಲಿ ಬರೆದೆಯಲ್ಲ, ನನ್ನದನ್ನು ಬೇರೆಯವರ ಬಾಯಲ್ಲಿ ಹೇಳಿಸುತ್ತೇನೆ ಅಂತ. ಸತ್ತವರಾದರೆ ಎದುರು ಮಾತಾಡುವುದೂ ಇಲ್ಲ.

ಜೋರಾಗೆ ನೀನು ಹೇಳಿದ್ದನ್ನು ತಿದ್ದಿ ಹೇಳು. ಅವಳ ಅಜ್ಜ ಏಳಲು ಹೊರಟಿದ್ದರು.

ಇದನ್ನು ಓದಿದ ಮೇಲೂ ಬರುವುದಾದರೆ ಬಾ. ಮೀನಂತೂ ತರುತ್ತೇನೆ.

ಹೆಡ್ವಿಕಾ


ಕೊಶಿತ್ಸೆ, 18 ಡಿಸೆಂಬರ್ 1998

ಹೆಡ್ವಿಕಾ,

ಟಿಕೆಟ್ ವಾಪಸು ಮಾಡಿದೆ. ಈ ಸಲ ಬರುವುದಿಲ್ಲ. ಮುಂದಿನ ಸಲದ ಬಗ್ಗೆ ಈಗ ಏನೂ ಕೇಳಬೇಡ.

ನೀನು ಬರೆದದ್ದನ್ನು ಜೋರಾಗೆ ಓದಿ ಹೇಳಿದೆ. ಪೂರ್ತಿ ಅಲ್ಲ. ಅವಳು ಕೇಳಿದ ಪ್ರಶ್ನೆ ಒಂದೇ: “ಅಮ್ಮಾ, ನೀನು ಮೂರನೇ ಸಲ ಯಾಕೆ ಒತ್ಲಿಲ್ಲ?”

ಮಗಳಿಗೆ ಹೇಳಲಾಗದ್ದನ್ನು ನಿನಗೆ ಬರೆಯುತ್ತೇನೆ. ನಾನು ಅರ್ಧ ಗಂಟೆ ನಿಲ್ಲಲಿಲ್ಲ. ಹೆಚ್ಚೆಂದರೆ ಎರಡು ನಿಮಿಷ. ಗಂಟೆ ಒತ್ತಿದ ಮೇಲೆ ಅಪ್ಪ ಬಾಗಿಲು ತೆಗೆದು ಮತ್ತೆ “ಅತಿಥಿ ಬಂದ್ಲು” ಅಂದುಬಿಟ್ಟರೆ ಅಂತ ಹಿಂದೆ ತಿರುಗಿದೆ. ಐದೂ ಮುಕ್ಕಾಲಿನ ರೈಲು ಸಿಗಬಹುದು ಅಂತ ಓಡಿದೆ. ಹತ್ತಿ ಕೂತ ಮೇಲೆ ಅಳುತ್ತಾ ಲೆಕ್ಕ ಹಾಕಿದಾಗ ಅದು ಕಾಲು ಗಂಟೆಯಾಯಿತು. ಮನೆ ಮುಟ್ಟಿದಾಗ ಶ್ಟೆಫಾನ್‌ಗೆ ಅರ್ಧ ಗಂಟೆ ಅಂತ ಹೇಳಿದೆ. ಆಮೇಲೆ ನಾನೇ ನಂಬಿದೆ.

ಇಬ್ಬರೂ ಸೇರಿ ಒಬ್ಬ ಮುದುಕನ ಮೇಲೆ ಹೊರಿಸಿದೆವು.

ವ್ಲಾಸ್ತಾ


ತ್ರೆಬೊನ್, 25 ಡಿಸೆಂಬರ್ 1998

ಪ್ರೀತಿಯ ವ್ಲಾಸ್ತಾ,

ನೀನು ಏನೂ ಕೇಳಬೇಡ ಅಂದೆ. ಕೇಳುವುದಿಲ್ಲ. ನಿನ್ನೆ ಸಂಜೆ ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ನನ್ನ ಮಾತು ಏನೂ ಸೇರಿಸದೆ.

ಬೆಳಿಗ್ಗೆಯಿಂದ ಉಪವಾಸ ಇದ್ದೆ. ದಿನವಿಡೀ ಉಪವಾಸ ಇದ್ದವರಿಗೆ ಕಾಣುತ್ತದೆ ಅನ್ನುವ ಬಂಗಾರದ ಹಂದಿಮರಿ ಗೋಡೆಯ ಮೇಲೆ ಕಾಣಲಿಲ್ಲ. ನನಗೆ ಯಾವತ್ತೂ ಕಂಡಿಲ್ಲ, ಪ್ರತಿ ವರ್ಷ ಕಂಡಿತು ಅಂತ ಕೂಗುತ್ತಿದ್ದವಳು ನೀನು. ಮಧ್ಯಾಹ್ನ ಸ್ಮಶಾನಕ್ಕೆ ಹೋಗಿ ಬಂದೆ. ಕಲ್ಲಿನ ಮೇಲಿನ ಹಿಮ ಒರೆಸಿದೆ. ಐದು ಗಂಟೆಗೆ ಮೇಜಿಗೆ ಕೂತೆ. ಎರಡು ತಟ್ಟೆ, ನನ್ನದೊಂದು, ಇನ್ನೊಂದು ಇಡಲೇಬೇಕಾದ್ದು. ಎಲ್ಲವನ್ನೂ ಕೈಗೆಟುಕುವ ಹಾಗೆ ಜೋಡಿಸಿಕೊಂಡಿದ್ದೆ. ಉಪ್ಪನ್ನೂ.

ಸೂಪಿನ ಮೂರನೆಯದೋ ನಾಲ್ಕನೆಯದೋ ಚಮಚಕ್ಕೆ ಗಂಟೆ ಬಾರಿಸಿತು. ಒಂದೇ ಸಲ.

ನೀನಲ್ಲ ಅಂತ ಗೊತ್ತಿತ್ತು. ಆದರೂ ಎದ್ದೆ. ಚಮಚ ಸೂಪಿನಲ್ಲೇ ಬಿಟ್ಟು ಎದ್ದೆ. ಅಡುಗೆಮನೆಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ.

ಶಿಮಾಂಡ್ಲ್ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೋಟು, ಟೋಪಿ ಕಂಕುಳಲ್ಲಿ, ಕೈಯಲ್ಲೊಂದು ಚಮಚ. “ಒಬ್ನೇ ಕೂತು ನೋಡ್ದೆ, ಗಂಟಲಲ್ಲಿ ಇಳೀಲಿಲ್ಲ,” ಅಂದರು. “ನಿಮ್ಮನೇಲಿ ಒಂದು ತಟ್ಟೆ ಖಾಲಿ ಇರತ್ತಲ್ಲ. ಚಮಚ ನನ್ನದೇ ತಂದಿದೀನಿ, ನಿಂಗೆ ತೊಳೆಯೋ ಕೆಲಸ ಇಲ್ಲ.”

ನಾನು ಬನ್ನಿ ಅಂತ ಪಕ್ಕಕ್ಕೆ ಸರಿದೆ. ಅವರು ಒಳಗೆ ಬರಲಿಲ್ಲ. ನನ್ನ ಕೈಯಲ್ಲಿದ್ದ ಊಟದ ಕರವಸ್ತ್ರ ನೋಡಿದರು. “ಊಟದ ಮಧ್ಯೆ ಎದ್ದು ಬಂದ್ಯಾ?” ಅಂದರು.

“ಬಂದೆ.”

“ನಿಮ್ಮನೇಲಿ ಯಾರೂ ಏಳಲ್ವಲ್ಲ?”

“ಇವತ್ತು ಎದ್ದೆ.”

ಟೋಪಿಯನ್ನು ಕೈಗೆ ತೆಗೆದುಕೊಂಡು ಅದರ ಅಂಚನ್ನು ಸ್ವಲ್ಪ ಹೊತ್ತು ತಿರುಗಿಸಿದರು. ಆಮೇಲೆ ಹೊಸ್ತಿಲಾಚೆ ನಿಂತೇ ಹೇಳಿದರು:

“ನೀನೇ ನಿಯಮ ಮುರಿದ್ಮೇಲೆ ನಾನೂ ಕೊಟ್ಟ ಮಾತು ಮುರೀಬಹುದು, ಹೇಳ್ಬಿಡ್ತೀನಿ. ನಿಮ್ಮಪ್ಪಂಗೆ ಮಾತು ಕೊಟ್ಟಿದ್ದೆ, ಏಳು ವರ್ಷ ಆಯ್ತು. ಅವನ ಕೊನೇ ಕ್ರಿಸ್‌ಮಸ್ ಅದು. ಊಟ ಆದ್ಮೇಲೆ ನಮ್ಮನೆ ಬಾಗಿಲಿಗೆ ಬಂದ. ಕೋಟಿಲ್ಲ, ಕಾಲಲ್ಲಿ ಮನೆಯೊಳಗೆ ಹಾಕೋ ಚಪ್ಪಲಿ, ಕೈಯಲ್ಲಿ ಮೀನಿನ ಮುಳ್ಳಿನ ತಟ್ಟೆ. ಹಬ್ಬದ ವಾಡಿಕೆಯಂತೆ ಮುಳ್ಳನ್ನ ಸೇಬಿನ ಮರದ ಬುಡಕ್ಕೆ ಹಾಕ್ತೀನಿ ಅಂತ ನಿಂಗೆ ಹೇಳಿ ಬಂದಿದ್ನಂತೆ. ‘ನನ್ನ ಚಿಕ್ಕ ಮಗಳು ಬಂದು ಹೋದ್ಲು, ಹೆಜ್ಜೆ ಇದೆ ನೋಡು’ ಅಂದ. ಟಾರ್ಚು ಹಿಡ್ಕೊಂಡು ನಾನೂ ಹೋದೆ. ಹೆಜ್ಜೆ ಬೀದಿ ದಾಟಿ, ಕೊಳದ ದಂಡೆ ಮೇಲೆ ಹೋಗಿ, ರೈಲು ನಿಲ್ದಾಣದಲ್ಲಿ ನಿಂತೋಗಿತ್ತು. ಪ್ಲಾಟ್‌ಫಾರ್ಮ್ ಮೇಲೆ ಒಂದು ನರಪಿಳ್ಳೆ ಇರ್ಲಿಲ್ಲ. ಆ ಚಪ್ಪಲೀಲೇ ನಿಂತು ಹಳಿ ನೋಡ್ತಾ ಇದ್ದ. ಬಾರಯ್ಯಾ, ಸಾಯ್ತೀಯ ಅಂದೆ. ವಾಪಸ್ ಬರ್ತಾ ಇಷ್ಟೇ ಅಂದ: ‘ಹೆಡ್ವಿಕಾಗೆ ಹೇಳ್ಬೇಡ. ಪಾಪ, ನನ್ ಮೇಲಿನ ಪ್ರೀತಿಗೆ ನನ್ನ ಕೂರಿಸಿದ್ಲು ಅವಳು. ಬಾಗ್ಲಲ್ಲಿ ಇದ್ದದ್ದು ತಂಗಿ ಅಂತ ಗೊತ್ತಾದ್ರೆ ಜೀವನಪೂರ್ತಿ ಕೊರಗ್ತಾಳೆ.’”

ಹೆಡ್ವಿಕಾ